ಎಲೆಯ ಬಾಯಾರಿಕೆ ಅಳೆದ ಅಕ್ಕ

ಅಕ್ಕ ತೀರಿಕೊಂಡ ಸುದ್ದಿ ನನಗೆ ಒಂಬತ್ತು ದಿನ ತಡವಾಗಿ ತಲುಪಿತು. ಟಿ. ನರಸೀಪುರದಿಂದ ಅವರ ಮಗಳು ಫೋನ್ ಮಾಡಿದ್ದಳು. “ಅಮ್ಮನ ಪುಸ್ತಕದಲ್ಲಿ ನಿಮ್ಮ ಹಳೇ ನಂಬರ್ ಇತ್ತು ಸಾರ್. ಅಲ್ಲಿಗೆ ಮಾಡಿದ್ರೆ ಈ ನಂಬರ್ ಕೊಟ್ರು” ಎಂದಳು. ಆಗ ನಾನು ಮೈಸೂರಿನ ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಫೋನಿಟ್ಟ ಮೇಲೆ ಕಟ್ಟು ಕಟ್ಟಿ, ಬೀರುವಿನಲ್ಲಿಟ್ಟು, ಬೀಗ ಹಾಕಿ ಹೊರಗೆ ಬಂದೆ. ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ಹೋಗಿ ನೋಡಿದೆ. ಗೇಟಿನವರೆಗೆ ನಡೆದು ಮತ್ತೊಮ್ಮೆ ಹೋಗಿ ನೋಡಿದೆ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಮಗಳು ಬೇಡವೆಂದಿದ್ದಾಳೆ. ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೇ ಇರಲಿ. ನಾನು ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ ಬರೆಯಲು ಪ್ರಯತ್ನಿಸುತ್ತೇನೆ.

ತೊಂಬತ್ತರ ದಶಕದ ನಡುವೆ ನಾನು ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಂಜನಗೂಡಿನ ಒಂದು ಸಣ್ಣ ಪ್ರಯೋಗಾಲಯಕ್ಕೆ ಸೇರಿದೆ. ಬೆಂಗಳೂರಿನ ಒಂದು ಟ್ರಸ್ಟು ಅದನ್ನು ನಡೆಸುತ್ತಿತ್ತು. ರೈಲ್ವೆ ಸ್ಟೇಷನ್ನಿನ ಕಡೆ ಒಂದು ಹಂಚಿನ ಮನೆ. ಎರಡು ಕೋಣೆ, ಒಂದು ಪಡಸಾಲೆ. ಇದ್ದವರು ಮೂವರು. ನಾನು ವೈಜ್ಞಾನಿಕ ಅಧಿಕಾರಿ, ಲೆಕ್ಕಪತ್ರಕ್ಕೆ ಒಬ್ಬ ಗುಮಾಸ್ತರು, ಮತ್ತು ಅಕ್ಕ. ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಅವರ ಹೆಸರಿನ ಮುಂದೆ ‘ಆಯಾ, ದಿನಗೂಲಿ’ ಎಂದಿತ್ತು. ಕಸ ಗುಡಿಸುವುದು, ಸೀಸೆ ತೊಳೆಯುವುದು ಅವರ ಕೆಲಸ. ಪುಸ್ತಕದ ಪ್ರಕಾರ ಅಷ್ಟೆ. ನನಗಿಂತ ಮುಂಚೆ ಇದ್ದ ಅಧಿಕಾರಿ, ಎಸ್ಸೆಸ್ಸೆಲ್ಸಿ ಪಾಸಾದ ಈ ಹೆಂಗಸಿಗೆ ಒಂದೊಂದೇ ಪರೀಕ್ಷೆ ಕಲಿಸುತ್ತ ಹೋಗಿದ್ದರು. ನಾನು ಸೇರುವ ಹೊತ್ತಿಗೆ ಹನ್ನೊಂದು ವರ್ಷವಾಗಿತ್ತು. ಅಲ್ಲಿ ಅಕ್ಕನಿಗೆ ಬಾರದ ಪರೀಕ್ಷೆ ಇರಲಿಲ್ಲ.

ನಮ್ಮ ಮುಖ್ಯ ಕೆಲಸ ಎಲೆಯಲ್ಲಿ ಪ್ರೋಲಿನ್ ಅಳೆಯುವುದು. ಪ್ರೋಲಿನ್ ಒಂದು ಅಮೈನೋ ಆಮ್ಲ. ನೀರು ಸಾಲದಾದಾಗ ಗಿಡ ಅದನ್ನು ಎಲೆಯಲ್ಲಿ ಕೂಡಿಹಾಕಿಕೊಳ್ಳುತ್ತದೆ. ನೋಡಲು ಬಂದವರಿಗೆ ನಾನು ಇದನ್ನು ಹತ್ತು ನಿಮಿಷ ವಿವರಿಸುತ್ತಿದ್ದೆ. ಅಕ್ಕ ಒಂದು ಮಾತಿನಲ್ಲಿ ಮುಗಿಸುತ್ತಿದ್ದರು: “ಎಲೆಗೆ ಎಷ್ಟು ಬಾಯಾರ್ಕೆ ಆಗೈತೆ ಅಂತ ನೋಡ್ತೀವಿ.”

ಎಲೆಯನ್ನು ತೂಗಿ, ಕಲ್ಬತ್ತಿನಲ್ಲಿ ಆಮ್ಲದ ಜೊತೆ ಅರೆದು, ಸೋಸಬೇಕು. ಸೋಸಿದ ರಸಕ್ಕೆ ಬಣ್ಣ ಬರಿಸುವ ನಿನ್‌ಹೈಡ್ರಿನ್ ಸೇರಿಸಿ ಟ್ಯೂಬನ್ನು ಕುದಿಯುವ ನೀರಿನಲ್ಲಿ ಸರಿಯಾಗಿ ಒಂದು ಗಂಟೆ ಇಟ್ಟು, ತೆಗೆದ ಕೂಡಲೇ ಐಸಿನಲ್ಲಿಡಬೇಕು. ಐಸು ಬಸ್‌ಸ್ಟ್ಯಾಂಡಿನ ಹತ್ತಿರದ ಐಸ್‌ಕ್ಯಾಂಡಿ ಫ್ಯಾಕ್ಟರಿಯಿಂದ ಬರುತ್ತಿತ್ತು. ಆಮೇಲೆ ಟಾಲುಯಿನ್ ಸುರಿದು ಅಲ್ಲಾಡಿಸಿ ನಿಲ್ಲಿಸಿದರೆ, ಬಣ್ಣವೆಲ್ಲ ಅದರ ಜೊತೆ ಮೇಲೆದ್ದು ಕೆಂಪು ಪದರವಾಗಿ ನಿಲ್ಲುತ್ತದೆ. ಆ ಪದರವನ್ನು ಮಾತ್ರ ಎತ್ತಿ, ಬಣ್ಣ ಅಳೆಯುವ ಕಲರಿಮೀಟರಿನಲ್ಲಿಟ್ಟು ಮುಳ್ಳು ಎಲ್ಲಿ ನಿಲ್ಲುತ್ತದೆಂದು ಬರೆದುಕೊಳ್ಳಬೇಕು. ಕೆಂಪು ಗಾಢವಾದಷ್ಟೂ ಪ್ರೋಲಿನ್ ಹೆಚ್ಚು. 

ಸೇರಿದ ಮೊದಲ ವಾರ ನಾನೇ ಒಂದು ಸಲ ಮಾಡಿದೆ. ಅಕ್ಕ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಮುಗಿದ ಮೇಲೆ ಕೇಳಿದರು, “ಸಾ, ಹೇಳ್ಬೋದಾ?”

“ಹೇಳಿ ಅಕ್ಕ.”

“ಟ್ಯೂಬ್ ಕುದಿಯೋ ನೀರಿಗಿಟ್ಟಿದ್ದು ಹತ್ತು ಇಪ್ಪತ್ತೇಳಕ್ಕೆ. ತೆಗ್ದಿದ್ದು ಹನ್ನೊಂದು ಮೂವತ್ತೊಂದಕ್ಕೆ.”

“ನಾಲ್ಕು ನಿಮಿಷ ತಾನೇ?”

“ಹೊತ್ತೂ ಒಂದು ಕೆಮಿಕಲ್ಲೇ ಸಾ. ನಾಕು ನಿಮಿಷ ಜಾಸ್ತಿ ಹುಯ್ದ್‌ಬುಟ್ರಿ.”

ನಾನು ನಕ್ಕೆ. ಅವರು ನಗಲಿಲ್ಲ. ಟ್ಯೂಬುಗಳನ್ನು ತೊಳೆಯಲು ಎತ್ತಿಕೊಂಡು ಹೋದರು. ಮಾರನೆಯ ದಿನ ಆ ಪರೀಕ್ಷೆಯನ್ನು ಮೊದಲಿನಿಂದ ಮಾಡಿದೆವು.

ಅವರ ಊರು ಬದನವಾಳಿನ ಕಡೆ. ತಾಯಿ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದವರು. ನೂಲಿನ ಲಡಿ ಯಾರದೆಂದು ತಿಳಿಯಲು ಒಬ್ಬೊಬ್ಬರೂ ದಾರದಲ್ಲಿ ತಮ್ಮದೇ ಗಂಟು ಹಾಕುತ್ತಿದ್ದರಂತೆ. ಅಕ್ಕ ಅದನ್ನು ನಮ್ಮ ಟ್ಯೂಬುಗಳಿಗೆ ತಂದಿದ್ದರು. ಯಾವ ಟ್ಯೂಬಿನಲ್ಲಿ ಯಾವ ಎಲೆ ಎಂಬ ಚೀಟಿ ಅಂಟಿಸುತ್ತಿರಲಿಲ್ಲ. ಕುತ್ತಿಗೆಗೆ ದಾರ ಕಟ್ಟಿ ಗಂಟು ಹಾಕುತ್ತಿದ್ದರು. ಮೂರು ಗಂಟು ಯಾವುದು, ಐದು ಗಂಟು ಯಾವುದು ಎಂದು ಬರೆದ ಕಾಗದ ಮಡಿಸಿ ಗುಮಾಸ್ತರ ಮೇಜಿನಲ್ಲಿ ಇಡುತ್ತಿದ್ದರು. ಎಲೆ ತೂಗಿದವರು ಅವರಾದರೆ ಮುಳ್ಳು ನೋಡುವವನು ನಾನು. ನಾನು ತೂಗಿದ ದಿನ ಅವರು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, “ಯಾರ ಮಗು ಅಂತ ಗೊತ್ತಾದ್ರೆ ಮುದ್ದು ಜಾಸ್ತಿ ಬರ್ತದೆ ಸಾ” ಎಂದರು. 

ಕೆಲಸದಲ್ಲಿ ಅವರಿಗೆ ತಮ್ಮ ಕೈಯ ಮೇಲೆ ಪೂರ್ತಿ ಭರವಸೆ ಇತ್ತು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಒಮ್ಮೆ ಬೆಂಗಳೂರಿನಿಂದ ಬಂದವರೊಬ್ಬರು, ಈ ಸಂಖ್ಯೆ ಸರಿಯೇ ಎಂದು ನನ್ನನ್ನು ಕೇಳಿದಾಗ, ನಾನು ಬಾಯಿ ತೆರೆಯುವ ಮುಂಚೆ ಒಳಗಿನಿಂದ ಉತ್ತರ ಬಂತು: “ಸರಿ ಐತೆ ಸಾ. ಮೂರು ಸಲ ನೋಡೀವ್ನಿ.”

ಗುಮಾಸ್ತರು ಅಕ್ಕನ ಕೈಯಿಂದ ಕುಡಿಯುವ ನೀರು ತೆಗೆದುಕೊಳ್ಳುತ್ತಿರಲಿಲ್ಲ. ಬೇಡವೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ; ಅಕ್ಕ ತಂದಿಟ್ಟ ಲೋಟ ಸಂಜೆಯವರೆಗೂ ಹಾಗೇ ಇರುತ್ತಿತ್ತು. ಆದರೆ ಗುಮಾಸ್ತರ ಸ್ಕೂಟರಿನ ಬ್ಯಾಟರಿಗೆ ನಮ್ಮಲ್ಲಿ ಬಟ್ಟಿ ಇಳಿಸಿದ ನೀರೇ ಬೇಕು. ಒಂದು ದಿನ ಅವರು ಸೀಸೆ ಹಿಡಿದು ಬಂದಾಗ ಅಕ್ಕ ನೀರು ತುಂಬಿಸುತ್ತ ಕೇಳಿದರು, “ಬ್ಯಾಟ್ರಿಗೆ ಜಾತಿ ಇಲ್ವಾ ಸಾ?” ಗುಮಾಸ್ತರ ಮುಖ ಕೆಂಪಾಯಿತು. “ನಿನ್ನ ಬಾಯಿ ಜೋರಾಯ್ತು ಕಣಮ್ಮ” ಎಂದರು. “ಕೈಯೂ ಜೋರೇ ಸಾ. ತಗಳಿ, ಚೆಲ್ಬೇಡಿ.” ಅಂದಿನಿಂದ ಅವರು ಲೋಟದ ನೀರು ಕುಡಿಯತೊಡಗಿದರು ಎಂದು ಬರೆದರೆ ಚೆನ್ನಾಗಿರುತ್ತದೆ. ಕುಡಿಯಲಿಲ್ಲ. ಆದರೆ ಅಕ್ಕ ಅವರಿಗೆ ಲೋಟ ಇಡುವುದನ್ನು ನಿಲ್ಲಿಸಿದರು.

ನಾನು ಸೇರಿದ ಎರಡನೆಯ ವರ್ಷ ಟ್ರಸ್ಟಿನಿಂದ ಒಂದು ಕಾಗದ ಬಂತು. ರಾಗಿಯ ಯೋಜನೆಗೆ ಎರಡನೇ ಹಂತ ಮಂಜೂರಾದರೆ ನಂಜನಗೂಡಿಗೆ ಒಂದು ಟೆಕ್ನೀಷಿಯನ್ ಹುದ್ದೆ ಕೊಡುತ್ತೇವೆ, ಕಾಯಂ ಹುದ್ದೆ, ಅದಕ್ಕೆ ಈಗಿರುವ ಆಯಾಳನ್ನೇ ಪರಿಗಣಿಸಬಹುದು ಎಂದಿತ್ತು. ಅಕ್ಕ ಅದನ್ನು ನನ್ನಿಂದ ಎರಡು ಸಲ ಓದಿಸಿದರು.

“ಟೆಕ್ನೀಷಿಯನ್ ಆದ್ರೆ ಏನು ಬದಲಾಗತ್ತೆ ಅಕ್ಕ? ಇದೇ ಕೆಲಸ ತಾನೇ?”

“ಹಾಳೆ ಕೆಳಗೆ ನಾನೇ ಸೈನ್ ಹಾಕ್ಬೋದು ಸಾ.”

ಪ್ರತಿಯೊಂದು ಅಳತೆಯ ಹಾಳೆಯ ಕೆಳಗೆ ‘ವಿಶ್ಲೇಷಣೆ ಮಾಡಿದವರು’ ಎಂಬ ಸಾಲಿತ್ತು. ಹನ್ನೆರಡು ವರ್ಷ ಅಳೆದವರು ಅಕ್ಕ. ಆ ಸಾಲಿನಲ್ಲಿ ಇದ್ದದ್ದು ಮೊದಲು ಹಿಂದಿನ ಅಧಿಕಾರಿಯ ಸಹಿ, ಆಮೇಲೆ ನನ್ನದು. ಅದರಲ್ಲಿ ತಪ್ಪೇನಿದೆ ಎಂದು ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಇನ್ನು ರಾಗಿಯ ವಿಷಯ. ನಾಲ್ಕು ಬಗೆಯ ರಾಗಿಗಳಲ್ಲಿ ಯಾವುದು ಕಡಿಮೆ ನೀರಿನಲ್ಲಿ ಹೆಚ್ಚು ಪ್ರೋಲಿನ್ ಕೂಡಿಡುತ್ತದೆ ಎಂದು ನೋಡುವುದು ಯೋಜನೆ. ಹೆಚ್ಚು ಕೂಡಿಡುವ ರಾಗಿ ಒಣಹವೆಯನ್ನು ಚೆನ್ನಾಗಿ ತಡೆಯುತ್ತದೆ ಎಂದು ನಾವು ನಂಬಿದ್ದೆವು. ತಗಡೂರಿನಲ್ಲಿ ಪ್ರಯೋಗದ ಒಂದು ತಾಕು, ಮೂಗೂರಿನಲ್ಲಿ ಒಂದು ತಾಕು. ಎರಡರಲ್ಲೂ ನಾಲ್ಕೂ ರಾಗಿ. ಮೂರು ನಾವು ಕೊಟ್ಟ ಬಿತ್ತನೆ. ನಾಲ್ಕನೆಯದು ಮೂಗೂರಿನ ಒಬ್ಬ ಹಿರಿಯ ರೈತರು ತಮ್ಮ ತಂದೆಯ ಕಾಲದಿಂದ ಉಳಿಸಿಕೊಂಡು ಬಂದ ನಾಟಿ ರಾಗಿ. ಮೂಗೂರಿನ ತಾಕು ಅವರದೇ ಹೊಲದಲ್ಲಿತ್ತು. ಅವರನ್ನು ನಾವು ಯಜಮಾನರು ಎನ್ನುತ್ತಿದ್ದೆವು.

ಮೂಗೂರಿನ ಅಂಕಿಗಳಲ್ಲಿ ಎರಡು ಬೆಳೆಯ ಕಾಲವೂ ಯಜಮಾನರ ನಾಟಿ ರಾಗಿಯೇ ಮುಂದು. ಸ್ವಲ್ಪವಲ್ಲ, ಬಹಳ ಮುಂದು. ಟಾಲುಯಿನ್ ಪದರ ದಾಳಿಂಬೆ ರಸದಂತೆ ನಿಲ್ಲುತ್ತಿತ್ತು. ತಗಡೂರಿನಲ್ಲಿ ಅದೇ ರಾಗಿ ಉಳಿದವುಗಳಂತೆಯೇ ತೆಳು ಗುಲಾಬಿ. ಮಣ್ಣಿನ ವ್ಯತ್ಯಾಸ ಎಂದು ನಾನು ವರದಿಯ ಕರಡಿನಲ್ಲಿ ಬರೆದೆ. ಆ ವರದಿಯ ಮೇಲೆಯೇ ಎರಡನೇ ಹಂತ ನಿಂತಿತ್ತು. ಎರಡನೇ ಹಂತದ ಮೇಲೆ ಅಕ್ಕನ ಹುದ್ದೆ.

ವರದಿ ಕಳಿಸಲು ಮೂರು ವಾರವಿದ್ದಾಗ ಅಕ್ಕ ಒಂದು ನೋಟ್‌ಪುಸ್ತಕ ಹಿಡಿದು ನನ್ನ ಮೇಜಿನ ಮುಂದೆ ನಿಂತರು. ಅವರು ಎಲೆಯನ್ನು ಒಂದೇ ಉದ್ದದ ತುಣುಕುಗಳಾಗಿ ಬ್ಲೇಡಿನಿಂದ ಕತ್ತರಿಸಿ ತಕ್ಕಡಿಗೆ ಹಾಕುತ್ತಿದ್ದರು. ಅರ್ಧ ಗ್ರಾಮಿಗೆ ಎಷ್ಟು ತುಣುಕು ಬೇಕಾಯಿತು ಎಂದು ಯಾರೂ ಕೇಳದೆ ಬರೆದಿಟ್ಟಿದ್ದರು.

“ಬೇರೆ ಮೂರಕ್ಕೂ ಒಂಬತ್ತು ತುಣುಕಿಗೆ ಅರ್ಧ ಗ್ರಾಂ ಆಯ್ತದೆ ಸಾ. ಮೂಗೂರಿಂದ ಬರೋ ನಾಟಿಗೆ ಮಾತ್ರ ಹನ್ನೊಂದು, ಹನ್ನೆರಡು ಬೇಕು.”

“ನಾಟಿ ಅಲ್ವಾ ಅಕ್ಕ, ಎಲೆ ತೆಳು ಇರುತ್ತೆ.”

“ತಗಡೂರಿಂದ ಬರೋ ನಾಟಿಗೆ ಒಂಬತ್ತೇ ಸಾಕು.”

ನಾನು ಆ ಪುಸ್ತಕ ತೆಗೆದುಕೊಂಡು ಪುಟ ತಿರುಗಿಸಿದೆ.

“ಮೂಗೂರಲ್ಲಿ ನಾಟಿ ಎಲೆ ಕೀಳೋರು ಯಾರು ಸಾ?”

“ನಾನೇ. ಅಂದರೆ, ತಗಡೂರಲ್ಲಿ ನಾಲ್ಕನ್ನೂ, ಮೂಗೂರಲ್ಲಿ ಮೂರನ್ನ ನಾನು ಕೀಳ್ತೀನಿ. ನಾಟೀದು ಯಜಮಾನರು ಕಿತ್ತಿಟ್ಟಿರ್ತಾರೆ.”

“ಯಾವಾಗ?”

ನನಗೆ ಗೊತ್ತಿರಲಿಲ್ಲ. ನಂಜನಗೂಡಿನಿಂದ ಮೊದಲ ಬಸ್ಸು ಹಿಡಿದು, ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ, ಮೂಗೂರಿನ ಹೊಲ ತಲುಪುವಷ್ಟರಲ್ಲಿ ಹತ್ತು ಗಂಟೆಯಾಗುತ್ತಿತ್ತು. ಬದುವಿನ ಮೇಲೆ ಟವೆಲಿನಲ್ಲಿ ಸುತ್ತಿದ ಎಲೆಯ ಕಟ್ಟು ಸಿದ್ಧವಾಗಿ ಇರುತ್ತಿತ್ತು. ಅದು ಸಹಾಯವೆಂದು ನಾನು ತಿಳಿದಿದ್ದೆ. ಮಿಕ್ಕ ಮೂರನ್ನು ಕಿತ್ತು, ನಾಲ್ಕನ್ನೂ ಐಸಿನ ಡಬ್ಬಕ್ಕೆ ಹಾಕಿಕೊಂಡು ಬರುತ್ತಿದ್ದೆ. ಎರಡು ವರ್ಷ ಹೀಗೆ ತಂದಿದ್ದೇನೆ.

“ನನ್ನ ಒಂದ್ಸಲ ಮೂಗೂರಿಗೆ ಕರ್ಕೊಂಡೋಗಿ” ಎಂದರು ಅಕ್ಕ.

ಯಜಮಾನರು ನಮ್ಮನ್ನು ಹೊಂಗೆ ಮರದ ಕೆಳಗೆ ಕೂರಿಸಿ ಮಜ್ಜಿಗೆ ತರಿಸಿದರು. ಅಕ್ಕ ಮಜ್ಜಿಗೆ ಮುಗಿಸಿ ಲೋಟ ಕೆಳಗಿಟ್ಟ ಮೇಲೆ ಕೇಳಿದರು, “ಅಯ್ಯಾ, ನಿಮ್ಮ ರಾಗಿ ಎಲೆ ಎಷ್ಟೊತ್ಗೆ ಕೀಳ್ತೀರಿ?”

“ಕೋಳಿ ಕೂಗೋ ಹೊತ್ಗೆ ಕಣವ್ವ. ಮಕ ತೊಳ್ಕೊಂಡು, ಸೂರ್ಯಂಗೆ ಕೈ ಮುಗ್ದು, ಮೊದ್ಲ ಕೈ ನಂದೇ ಆಗ್ಬೇಕು. ನಮ್ಮಪ್ಪನ ಕಾಲದಿಂದ್ಲೂ ಆ ರಾಗಿ ಮೇಲೆ ಮೊದ್ಲ ಕೈ ಮನೇರ್ದೇ. ಬ್ಯಾರೇರ್ ಕೈ ಹಾಕುಸಾಕಿಲ್ಲ.”

“ಮಿಕ್ಕ ಮೂರು?”

“ಅವು ನಿಮ್ವು. ನೀವು ಯಾವಾಗಾರ ಕಿತ್ಕಳಿ, ನಂಗೇನು?”

ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ. ಬೆಳಗಿನ ಆರರಿಂದ ಹತ್ತರವರೆಗೆ, ನಾಲ್ಕು ಗಂಟೆ, ಆ ಎಲೆ ಬೇರಿನಿಂದ ದೂರವಾಗಿ ಟವೆಲಿನಲ್ಲಿ ಬಾಡಿ ಹಗುರವಾಗುತ್ತಿತ್ತು. ಕಿತ್ತ ಎಲೆ ಸಾಯುವುದಿಲ್ಲ, ಬಾಯಾರುತ್ತದೆ. ಬಾಯಾರಿದ್ದಕ್ಕೆ ಪ್ರೋಲಿನ್ ಮಾಡಿಕೊಳ್ಳುತ್ತದೆ. ಎರಡು ವರ್ಷ ನಾವು ಅಳೆದದ್ದು ಹೊಲದ ಬಾಯಾರಿಕೆಯನ್ನಲ್ಲ, ಟವೆಲಿನ ಬಾಯಾರಿಕೆಯನ್ನು ಇರಬೇಕು.

ಹಿಂತಿರುಗುವಾಗ ಟಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ಕಾದೆವು. ಅಲ್ಲಿ ನಾನು ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. “ಅಕ್ಕ, ಇದು ಬರೀ ಅನುಮಾನ. ಈ ವರದಿ ಹೋಗಲಿ. ಎರಡನೇ ಹಂತ ಬರಲಿ, ನಿಮ್ಮ ಆರ್ಡರ್ ಆಗಲಿ. ಮುಂದಿನ ವರ್ಷ ನಾವೇ ಸರಿ ಮಾಡೋಣ.” ಅವರಿಗಾಗಿ ಹೇಳುತ್ತಿದ್ದೇನೆ ಎಂದು ನಾನು ನಂಬಿದ್ದೆ. ನನ್ನ ಕೆಲಸವೂ ಆ ಯೋಜನೆಯ ಮೇಲೆಯೇ ನಿಂತಿತ್ತು.

ಬಸ್ಸು ಬಂತು, ಹತ್ತಿದೆವು. ಸುಮಾರು ದೂರ ಹೋದ ಮೇಲೆ ಅಕ್ಕ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು:

“ನಾನೂ ಅದ್ನೇ ನೆನೀತಿದ್ದೆ ಸಾ. ನೀವು ಹೇಳೋಕ್ ಮುಂಚೇನೇ. ಮೂಗೂರಿಂದ ಇಲ್ಲೀಗಂಟ ಅದೇ. ಸುಮ್ನಿದ್ರೆ ಆರ್ಡರ್ ಬತ್ತದೆ. ಬಂದ್ಮೇಲೆ ನಾನು ಯಾವುದ್ರ ಟೆಕ್ನೀಷಿಯನ್ನು? ಬಾಡಿದ್ ಎಲೇನ ಚೆಂದಾಗಿ ಅಳೆಯೋಳು ಅಂತ್ಲಾ?”

ನಾನು ಏನೋ ಹೇಳಹೊರಟೆ. ಅವರು ತಡೆದರು. “ಒಂದ್ ದಿನ ಕೊಡಿ ಸಾ. ಗಂಟು ಹಾಕಿ ನೋಡುಮ. ನನ್ ಅನುಮಾನ ಸುಳ್ಳಾದ್ರೆ ನಂಗಿಂತ ಖುಷಿ ಯಾರಿಗಾದದು?”

ಆ ಒಂದು ದಿನದ ಏರ್ಪಾಡು ಪೂರ್ತಿ ಅವರದು. ಮುಂದಿನ ವಾರ ಬೆಳಗಿನ ಜಾವ ಯಜಮಾನರು ನಾಲ್ಕೂ ರಾಗಿಯ ಎಲೆ ಕಿತ್ತು ನಾಲ್ಕು ಟವೆಲಿನಲ್ಲಿ ಕಟ್ಟಿಡಬೇಕು. ನಾನು ಹತ್ತು ಗಂಟೆಗೆ ಹೋಗಿ ಅದೇ ಸಾಲುಗಳಿಂದ ನಾಲ್ಕನ್ನೂ ಹೊಸದಾಗಿ ಕೀಳಬೇಕು. ಎಂಟು ಕಟ್ಟು. ಯಜಮಾನರು ಮೊದಲು ಒಪ್ಪಿರಲಿಲ್ಲ. ನಿಮ್ಮ ರಾಗಿಗೆ ನಾನ್ಯಾಕೆ ಕೈ ಹಾಕಲಿ ಎಂದಿದ್ದರು. “ಒಂದೇ ಹೊಲದಲ್ಲಿ ನಿಂತವೆ, ಒಂದೇ ಬಿಸ್ಲು ತಿಂತವೆ ಅಯ್ಯಾ. ಒಂದಿನ ಎಲ್ಲಾವ್ಕೂ ನೀವೇ ಮನೇರಾಗಿ” ಎಂದು ಅಕ್ಕ ಒಪ್ಪಿಸಿದ್ದರು. ಆಮೇಲೆ ಯಜಮಾನರೇ ಷರತ್ತು ಹಾಕಿದರು: ನಾನೂ ನಂಜನಗೂಡಿಗೆ ಬತ್ತೀನಿ, ನನ್ನ ರಾಗಿ ಏನು ಹೇಳ್ತದೆ ಅಂತ ಕಣ್ಣಲ್ಲಿ ನೋಡ್ಬೇಕು.

ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಟಾಲುಯಿನ್ ವಾಸನೆಗೆ ಮೂಗು ಮುಚ್ಚಿಕೊಂಡು ಸ್ಟೂಲಿನ ಮೇಲೆ ಕುಳಿತರು. ಅಕ್ಕ ಎಂಟು ಟ್ಯೂಬಿಗೆ ಎಂಟು ಬಗೆಯ ಗಂಟು ಹಾಕಿ, ಕಾಗದವನ್ನು ಗುಮಾಸ್ತರ ಕೈಗೆ ಕೊಟ್ಟಿದ್ದರು. ಕುದಿಸಿದ್ದು ಒಂದು ಗಂಟೆ, ಒಂದು ನಿಮಿಷವೂ ಹೆಚ್ಚಿಲ್ಲ. ಐಸು. ಆಮೇಲೆ ಟಾಲುಯಿನ್. ಒಂದೊಂದನ್ನೇ ಅಲ್ಲಾಡಿಸಿ ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತ ಬಂದರು. ಮುಳ್ಳು ನೋಡುವ ಅವಶ್ಯಕತೆಯೇ ಇರಲಿಲ್ಲ. ಆದರೂ ನೋಡಿದೆವು. ನಾಲ್ಕು ಟ್ಯೂಬು ದಾಳಿಂಬೆ ಕೆಂಪು, ನಾಲ್ಕು ತೆಳು ಗುಲಾಬಿ.

“ಅಯ್ಯಾ, ಕೆಂಪಿಂದೆಲ್ಲ ಈ ಕಡೆ ಇಡಿ, ತೆಳುದೆಲ್ಲ ಆ ಕಡೆ” ಎಂದರು ಅಕ್ಕ. ಯಜಮಾನರು ತಾವೇ ಎರಡು ಸಾಲು ಮಾಡಿದರು. “ಈ ನಾಕ್ರಲ್ಲಿ ನಂದು ಎಲ್ಲದೆ?” ಎಂದು ಕೆಂಪು ಸಾಲನ್ನೇ ನೋಡುತ್ತ ಕೇಳಿದರು.

ಗುಮಾಸ್ತರು ಕಾಗದ ಬಿಚ್ಚಿ ಓದಿದರು. ಅವರ ದನಿ ಮೆತ್ತಗಿತ್ತು. ಕೆಂಪು ನಾಲ್ಕೂ ಬೆಳಗಿನ ಜಾವ ಕಿತ್ತ ಎಲೆ. ನಾಲ್ಕು ಬಗೆಯ ರಾಗಿಯೂ ಅದರಲ್ಲಿತ್ತು. ತೆಳು ನಾಲ್ಕೂ ಹತ್ತು ಗಂಟೆಗೆ ಕಿತ್ತದ್ದು. ಅದರಲ್ಲೂ ನಾಲ್ಕು ಬಗೆ. ನಾಟಿ ರಾಗಿ ಎರಡು ಸಾಲಿನಲ್ಲೂ ಮಿಕ್ಕವುಗಳಂತೆಯೇ ಇತ್ತು.

ಯಜಮಾನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರ ಮುಖ ಬಿಗಿಯಿತು. “ಅಂದ್ರೆ? ನನ್ ರಾಗಿ ಎಲ್ಡು ವರ್ಸ ಸುಳ್ಳು ಹೇಳ್ತಾ?”

“ರಾಗಿ ಎಲ್ಲಿ ಸುಳ್ಳು ಹೇಳ್ತು ಅಯ್ಯಾ? ಬಾಯಾರ್ಕೆ ಅಂತು, ನಿಜಾನೇ ಅಂತು. ಬಾಯಾರ್ಸಿದ್ದು ನಾವು.”

“ನಾನು ಆಸೆಪಟ್ಟು ಬೇಗ ಕಿತ್ತಿದ್ದೇ ತಪ್ಪಾಯ್ತೇನವ್ವ?”

ಅಕ್ಕ ನಕ್ಕರು. “ಗಂಡಿನೋರು ಹತ್ತು ಗಂಟೆಗೆ ಹೆಣ್ಣು ನೋಡಾಕ್ ಬತ್ತಾರೆ ಅಂದ್ರೆ, ನೀವು ಕೋಳಿ ಕೂಗೋ ಹೊತ್ಗೇ ಹೂ ಮುಡ್ಸಿ ಕೂರ್ಸಿದ್ರಿ. ಅವ್ರು ಬರೋ ಹೊತ್ಗೆ ಹೂ ಬಾಡೋಯ್ತು. ಮಗಳೇನೂ ಕೆಟ್ಟೋಳಲ್ಲ.”

ಯಜಮಾನರೂ ನಕ್ಕರು. ನಗು ಪೂ‍ರ್ತಿಯಾಗಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, “ನನ್ ರಾಗಿ ನಾನು ಬಿಡಾಕಿಲ್ಲ” ಎಂದರು.

“ಬಿಡಿ ಅಂದೋರ್ಯಾರು? ಮುದ್ದೆ ಚೆಂದಾಗಾದ್ರೆ ಸಾಕಲ್ವಾ?”

ಆ ಸಂಜೆ ನಾನು ವರದಿಯ ಕರಡನ್ನು ಹರಿದೆ. ಎರಡು ವರ್ಷದ ಮೂಗೂರಿನ ಅಂಕಿಗಳು ಯಾಕೆ ನಿಲ್ಲುವುದಿಲ್ಲ ಎಂದು ಎರಡು ಪುಟ ಬರೆದೆ, ಎಂಟು ಟ್ಯೂಬಿನ ಅಳತೆಯ ಹಾಳೆಯನ್ನು ಜೊತೆಗಿಟ್ಟೆ. ಆ ಹಾಳೆಯ ಕೆಳಗಿನ ಸಾಲನ್ನು ನೋಡಿ ಪೆನ್ನನ್ನು ಅಕ್ಕನ ಕಡೆ ಚಾಚಿದೆ. “ನೀವು ಹಾಕಿ.”

ಗುಮಾಸ್ತರು ಅಲ್ಲೇ ಇದ್ದರು. “ಸಾರ್, ಆಯಾ ಸೈನ್ ಹಾಕೋ ಹಾಗಿದ್ರೆ ನಾವೆಲ್ಲ ಪೊರಕೆ ಹಿಡೀಬೇಕಾಗ್ತದೆ.”

“ಹಿಡೀರಿ ಸಾ, ಕಲ್ಸ್‌ಕೊಡ್ತೀನಿ” ಎಂದರು ಅಕ್ಕ. ಕೈಯನ್ನು ಸೀರೆಗೆ ಒರೆಸಿಕೊಂಡರು. ಕುಳಿತು ಸಹಿ ಹಾಕಿದರು, ಕನ್ನಡದಲ್ಲಿ, ಪೂರ್ತಿ ಹೆಸರು, ಒಂದಕ್ಷರವೂ ಸಾಲಿನಿಂದ ಕೆಳಗಿಳಿಯದ ಹಾಗೆ. ಹಾಕಿದ ಮೇಲೆ ಶಾಯಿ ಆರುವವರೆಗೆ ಹಾಳೆಯನ್ನು ಎತ್ತಲು ನನಗೆ ಬಿಡಲಿಲ್ಲ.

ಒಂದು ತಿಂಗಳ ಮೇಲೆ ಟ್ರಸ್ಟಿನಿಂದ ಉತ್ತರ ಬಂತು. ನಾನು ಅಂದುಕೊಂಡದ್ದು ಯಾವುದೂ ಆಗಲಿಲ್ಲ. ಯೋಜನೆ ನಿಲ್ಲಲಿಲ್ಲ. ತಪ್ಪನ್ನು ತಾನೇ ಹಿಡಿದ ಪ್ರಯೋಗಾಲಯ ಎಂದು ಟ್ರಸ್ಟಿನ ಸಮಿತಿ ಮೆಚ್ಚಿಕೊಂಡಿತ್ತು. ಎರಡನೇ ಹಂತ ಮಂಜೂರಾಗಿತ್ತು. ಆದರೆ, ಅಧಿಕಾರವಿಲ್ಲದವರು ಅಳತೆಯ ಹಾಳೆಗೆ ಸಹಿ ಹಾಕಿರುವುದು ಸಮಿತಿಗೆ ಸರಿಕಂಡಿರಲಿಲ್ಲ. ಹೊಸ ಹಾಳೆಯಲ್ಲಿ ಅಧಿಕಾರಿಯ ಸಹಿ ಹಾಕಿ ಕಳಿಸಬೇಕು. ಟೆಕ್ನೀಷಿಯನ್ ಹುದ್ದೆಯನ್ನು ಡಿಪ್ಲೊಮಾ ಆದವರಿಂದ ತುಂಬಲಾಗುವುದು. ಅಕ್ಕನ ಸಹಿಯಿದ್ದ ಹಾಳೆ ಆ ಕಾಗದದ ಹಿಂದೆ ಪಿನ್ನು ಚುಚ್ಚಿಕೊಂಡು ವಾಪಸು ಬಂದಿತ್ತು.

ಹುದ್ದೆಯ ವಿಷಯವನ್ನು ಅಕ್ಕನಿಗೆ ಹೇಳಿದೆ. ಅವರು ತೂಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅತ್ತರು, ಹೊರಗೆ ಕೇಳುತ್ತಿತ್ತು. ಹತ್ತು ನಿಮಿಷದ ಮೇಲೆ ಮುಖ ತೊಳೆದು ಬಂದು ಕೇಳಿದರು, “ನಮ್ಮ ಅಳತೆ ಒಪ್ಪವ್ರಾ ಸಾ?”

“ಒಪ್ಪಿದ್ದಾರೆ ಅಕ್ಕ.”

“ಆಯ್ತು ಬುಡಿ.”

ಸಹಿಯ ವಿಷಯ ಹೇಳಲಿಲ್ಲ. ಆ ಮಧ್ಯಾಹ್ನ ಅವರು ಐಸು ತರಲು ಹೋದಾಗ ನಾನು ಅಳತೆಗಳನ್ನು ಹೊಸ ಹಾಳೆಗೆ ನಕಲು ಮಾಡಿ, ‘ವಿಶ್ಲೇಷಣೆ ಮಾಡಿದವರು’ ಎಂಬ ಸಾಲಿನಲ್ಲಿ ನನ್ನ ಸಹಿ ಹಾಕಿ, ಲಕೋಟೆಗೆ ತುಂಬಿ ಗುಮಾಸ್ತರಿಗೆ ಕೊಟ್ಟೆ. ಹಳೆಯ ಹಾಳೆಯನ್ನು ನನ್ನ ಬ್ಯಾಗಿನಲ್ಲಿಟ್ಟುಕೊಂಡೆ. ಸಹಿ ಹಾಕಲಾರೆ ಎಂದು ನಾನು ಬರೆದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನನಗೆ ಗೊತ್ತಿಲ್ಲ. ಆ ಪರೀಕ್ಷೆಯನ್ನು ನಾನು ಮಾಡಲಿಲ್ಲ.

ಹೊಸ ಟೆಕ್ನೀಷಿಯನ್ ಬಂದ. ಅವನಿಗೆ ಕೆಲಸ ಕಲಿಸಿದವರು ಅಕ್ಕನೇ. ಎರಡು ವರ್ಷ ಅದೇ ದಿನಗೂಲಿಯಲ್ಲಿದ್ದು, ಆಮೇಲೆ ಟಿ. ನರಸೀಪುರದಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿಗೆ ಹೋದರು. ಅಲ್ಲಿ ರಿಪೋರ್ಟಿನ ಕೆಳಗೆ ಅವರೇ ಸಹಿ ಹಾಕುತ್ತಿದ್ದರೆಂದು ಕೇಳಿದ್ದೇನೆ. ನೋಡಿಲ್ಲ.

ಆಮೇಲೆ ಅವರನ್ನು ಒಂದೇ ಸಲ ಕಂಡೆ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವರೇ ಕರೆದರು. ಕೂದಲು ನರೆತಿತ್ತು, ದನಿ ಹಾಗೇ ಇತ್ತು. “ಏನ್ ಸಾ, ಕಾಲೇಜಲ್ಲಿ ಮಕ್ಳು ಹೊತ್ತು ನೋಡಿ ಕುದುಸ್ತವಾ, ಇಲ್ಲ ನಿಮ್ಮಂಗೇನಾ?” ಎಂದು ಕೇಳಿದರು. ನಕ್ಕೆವು. ನಾನು ಮನೆಯ ವಿಷಯ ಹೇಳಿದೆ, ಕಾಲೇಜಿನ ವಿಷಯ ಹೇಳಿದೆ. ಟಿ. ನರಸೀಪುರದ ಬಸ್ಸು ಬಂತು. ಅವರು ಹತ್ತಲಿಲ್ಲ. “ಇನ್ನೊಂದ್ ಬತ್ತದೆ, ಹೇಳಿ ಸಾ” ಎಂದು ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಮಗನ ಶಾಲೆಯ ವಿಷಯ ಹೇಳಿದೆ. ಮುಂದಿನ ಬಸ್ಸಿಗೆ ಅವರು ಹೋದರು.

ಫೋನ್ ಬಂದ ಮೂರನೆಯ ದಿನ ನಾನು ಟಿ. ನರಸೀಪುರಕ್ಕೆ ಹೋದೆ. ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಅಕ್ಕನ ಹೊಸ ಫೋಟೋ. ಮಗಳು ಪ್ರೈಮರಿ ಶಾಲೆಯಲ್ಲಿ ಟೀಚರು. ಕಾಫಿ ಕೊಟ್ಟು ಎದುರಿಗೆ ಕುಳಿತಳು. ಹಳೆಯ ಹಾಳೆಯನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟೆ. ಅಮ್ಮನ ಸಹಿಯನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿದಳು.

ನಾನು ಹೇಳಿದೆ. ಈ ಹಾಳೆ ವಾಪಸು ಬಂತು. ಇದರ ಬದಲಿಗೆ ಇನ್ನೊಂದು ಹಾಳೆ ಹೋಯಿತು, ಅದರಲ್ಲಿ ಇದ್ದದ್ದು ನನ್ನ ಸಹಿ. ನಿಮ್ಮಮ್ಮನಿಗೆ ನಾನು ಹೇಳಲಿಲ್ಲ. ಅಷ್ಟು ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು.

“ಅಮ್ಮಂಗೆ ಗೊತ್ತಿತ್ತು ಸಾರ್” ಎಂದಳು. “ಅವತ್ತೇ ಗೊತ್ತಿತ್ತು. ಗುಮಾಸ್ತರು ಹೇಳಿದ್ರಂತೆ. ಎಷ್ಟೋ ಸಲ ನಾನು ನಿಮ್ಮನ್ನ ಬೈದಿದೀನಿ, ಬೇಜಾರ್ ಮಾಡ್ಕೋಬೇಡಿ. ಅಮ್ಮ ಬಯ್ಯಾಕೆ ಬಿಡ್ತಿರಲಿಲ್ಲ. ‘ಹೇಳ್ತಾರೆ ಕಣೇ, ಅವ್ರಾಗೇ ಬಂದು ಹೇಳ್ತಾರೆ. ಮನುಷ್ಯ ವಸಿ ನಿಧಾನ, ಅಷ್ಟೇ’ ಅಂತಿದ್ರು.”